ಇಲ್ಲಿದ್ದು, ಊರಿಗೆ ಉಪಕಾರಿಯಾಗಿ

(ಕೊಪ್ಪಳದಲ್ಲಿ ಪದವಿ ಅಂತಿಮ ವರ್ಷದ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆ ಶುರುವಾಗುವ ಮೊದಲು ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ಕೆಲವರನ್ನು ಕೇಳಿದೆ: ಪರೀಕ್ಷೆ ಮುಗಿದ ಮೇಲೆ ಏನು ಮಾಡುತ್ತೀರಿ? ಬೆಂಗಳೂರು ಎಂದರು. ಪುಣೆ ಎಂದರು. ಧಾರವಾಡಕ್ಕೆ ಹೋಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ ಎಂದರು. ಒಬ್ಬ ಹುಡುಗಿ ಮಾತ್ರ ‘ನಾನು ಇಲ್ಲೇ ಇರುತ್ತೇನೆ ಮೇಡಂ’ ಎಂದಳು. ಹೇಳಿದವಳೇ ತಲೆ ತಗ್ಗಿಸಿದಳು. ಬೆಂಗಳೂರು ಎಂದವರು ಯಾರೂ ತಲೆ ತಗ್ಗಿಸಲಿಲ್ಲ. ಸಣ್ಣ ಊರಿನ ಬದುಕು ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಇಲ್ಲೇ ಇರುತ್ತೇನೆ ಎನ್ನುವುದಕ್ಕೆ ಯಾರೂ ನಾಚಬಾರದು ಎಂದು ನಾನು ಏಕೆ ನಂಬಿದ್ದೇನೆ ಎಂಬುದನ್ನು ಹೇಳುವುದೇ ಆ ವಿಷಯಕ್ಕೆ ನ್ಯಾಯ ಎಂದುಕೊಂಡಿದ್ದೇನೆ.

ಹೋಗುವವರನ್ನು ತಡೆಯಲು ನಾನು ಬಂದಿಲ್ಲ. ಹೋಗಿ. ಕಲಿಯಿರಿ, ದುಡಿಯಿರಿ, ಜಗತ್ತು ನೋಡಿ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ನಮ್ಮ ಮನೆಗಳಲ್ಲಿ, ಮದುವೆ ಮಾತುಕತೆಗಳಲ್ಲಿ, ಶಾಲೆಯ ವೇದಿಕೆಗಳಲ್ಲಿ ಕೂಡ ಊರಿನಲ್ಲಿ ಉಳಿದವರನ್ನು ‘ಅವನು ಇಲ್ಲೇ ಉಳಿದುಬಿಟ್ಟ’ ಎಂದು ಕರುಣೆಯ ದನಿಯಲ್ಲಿ ಹೇಳುತ್ತೇವೆ. ಉಳಿಯುವುದು ಒಂದು ನಿರ್ಧಾರವಾಗಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ.

ಕೊಪ್ಪಳ ಎಷ್ಟು ದೊಡ್ಡ ಊರು? 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 70 ಸಾವಿರ. ಬೆಂಗಳೂರಿನ ಒಂದೆರಡು ಬಡಾವಣೆಗಳಲ್ಲಿ ಅಷ್ಟು ಜನ ಇರುತ್ತಾರೆ. 1997ರಲ್ಲಿ ನಮ್ಮದು ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮೊದಲು ಜಿಲ್ಲಾ ಕಚೇರಿಯ ಯಾವ ಕೆಲಸವಿದ್ದರೂ ರಾಯಚೂರಿಗೆ ಹೋಗಬೇಕಿತ್ತು. ಒಂದು ಸಹಿಗಾಗಿ ಬುತ್ತಿ ಕಟ್ಟಿಕೊಂಡು ನಸುಕಿನ ಬಸ್ ಹಿಡಿದವರು ನಿಮ್ಮ ಅಜ್ಜಂದಿರು. 1948ರವರೆಗೆ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದ ಊರು ಇದು. ಹೈದರಾಬಾದಿನಿಂದ ನೋಡಿದರೂ ಮೂಲೆ, ಬೆಂಗಳೂರಿನಿಂದ ನೋಡಿದರೂ ಮೂಲೆ. ಹೀಗೆ ಬೇರೆಯವರ ಅಂಗಳದಲ್ಲಿ ನಿಂತು ನಮ್ಮ ಮನೆಯನ್ನು ನೋಡುವ ಅಭ್ಯಾಸ ನಮಗೆ ಬಹಳ ಹಿಂದೆಯೇ ಆಗಿಹೋಗಿದೆ. ಆದರೆ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡು ಯಾವುದೆಂದು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ‘ಮಹಾಕೊಪಣನಗರ’ವನ್ನು, ಅಂದರೆ ನಮ್ಮ ಕೊಪ್ಪಳವನ್ನು, ಹೇಳಿತು. ನಮ್ಮನ್ನು ನಡುವೆ ಇಟ್ಟು ನೋಡಿದವರೂ ಇದ್ದರು. ಇದನ್ನು ಹೆಮ್ಮೆ ಪಡಲಿ ಎಂದು ಹೇಳುತ್ತಿಲ್ಲ, ನವೆಂಬರ್ ತಿಂಗಳಿನಲ್ಲಿ ಆ ಕೆಲಸವನ್ನು ಎಲ್ಲರೂ ಮಾಡುತ್ತಾರೆ. ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಊರಿನ ಗಾತ್ರ ಬದಲಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ದಿನನಿತ್ಯದ ಮಾತಿಗೆ ಬರುತ್ತೇನೆ. ಸಣ್ಣ ಊರು ಕೊಡುವ ಮೊದಲ ಸಂಪತ್ತು ಹೊತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯ ಸಂಬಳ. ಕಚೇರಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು ಎನ್ನುತ್ತಾನೆ. ಅವನ ಮಗಳು ಎದ್ದಿರುವಾಗ ಅವನು ಮನೆಯಲ್ಲಿರುವುದು ಭಾನುವಾರ ಮಾತ್ರ. ನನ್ನ ಬೀದಿಯಲ್ಲಿ ಒಬ್ಬ ದರ್ಜಿ ಇದ್ದಾರೆ. ಮಧ್ಯಾಹ್ನ ಒಂದೂವರೆಗೆ ಅಂಗಡಿಯ ಬಾಗಿಲು ಎಳೆದು ಮನೆಗೆ ಹೋಗುತ್ತಾರೆ. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಒಂದು ಗಳಿಗೆ ಮಲಗುತ್ತಾರೆ. ನಾಲ್ಕಕ್ಕೆ ಮತ್ತೆ ಹೊಲಿಗೆ ಯಂತ್ರದ ಮುಂದೆ. ರಾತ್ರಿ ಊಟದ ನಂತರ ಓಣಿಯ ಗುಡಿಯ ಕಟ್ಟೆಗೆ ಬಂದು ಹಾರ್ಮೋನಿಯಂ ಮುಂದೆ ಕೂರುತ್ತಾರೆ. ಏಕತಾರಿ ಹಿಡಿಯುವವರೊಬ್ಬರು, ತಾಳ ಹಾಕುವವರಿಬ್ಬರು ಸೇರುತ್ತಾರೆ, ತತ್ವಪದ ಶುರುವಾಗುತ್ತದೆ. ಆ ದರ್ಜಿ ನುರಿತ ಹಾಡುಗಾರ. ಅವರಿಗೆ ಹಾಡುವುದನ್ನು ಕಲಿಸಿದ್ದು ಯಾವ ಸಂಗೀತ ಶಾಲೆಯೂ ಅಲ್ಲ. ಪ್ರತಿದಿನ ಸಂಜೆ ಅವರ ಕೈಯಲ್ಲಿ ಉಳಿಯುವ ಎರಡು ಗಂಟೆಗಳು ಕಲಿಸಿದವು.

ಗಡಿಯಾರ ಕಂಬದಿಂದ ಹೊರಟು ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿನಲ್ಲಿ ಹೊಲ ಸಿಗುತ್ತದೆ, ಇಲ್ಲವೇ ಬಂಡೆ ಸಿಗುತ್ತದೆ. ಕೆಲಸದ ಜಾಗ, ಸಂತೆ, ಆಸ್ಪತ್ರೆ, ಶಾಲೆ, ಬೀಗರ ಮನೆ ಎಲ್ಲವೂ ಕಾಲಳತೆಯಲ್ಲಿವೆ. ರೈಲು ಹಳಿ ದಾಟಿದರೆ ಭಾಗ್ಯನಗರ, ಅಲ್ಲಿ ಮಗ್ಗದ ಸದ್ದು. ನಮ್ಮ ಊರು ಶಾಂತವಾದದ್ದು ಎಂದರೆ ಸದ್ದೇ ಇಲ್ಲ ಎಂದಲ್ಲ, ಎದ್ದ ಸದ್ದು ಯಾರದು, ಯಾವ ಕೆಲಸದ್ದು ಎಂದು ಗುರುತು ಹಿಡಿಯಬಹುದು. ಏಪ್ರಿಲ್ ಮಧ್ಯಾಹ್ನದ ಮೌನ ಬೇರೆ ಬಗೆಯದು. ಬಿಸಿಲು 40 ಡಿಗ್ರಿ ದಾಟಿದ ದಿನ ಜವಾಹರ ರಸ್ತೆಯಲ್ಲಿ ಅಂಗಡಿಯವರು ಅರ್ಧ ಶಟರ್ ಇಳಿಸಿ ಒಳಗೆ ಒರಗುತ್ತಾರೆ, ನಾಯಿಗಳು ಗಾಡಿಗಳ ಕೆಳಗೆ ಸೇರುತ್ತವೆ. ಆ ಮೌನ ಸೋಮಾರಿತನದಿಂದ ಬಂದದ್ದಲ್ಲ. ಇಲ್ಲಿನ ಬಿಸಿಲಿನೊಂದಿಗೆ ಜನ ಮಾಡಿಕೊಂಡ ಒಪ್ಪಂದ ಅದು. ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳು ‘ಈ ಊರು ಮಧ್ಯಾಹ್ನ ಸತ್ತಂತೆ ಇರುತ್ತದೆ’ ಎನ್ನುವುದನ್ನು ಕೇಳಿದ್ದೇನೆ. ಅವರು ಸಂಜೆ ಆರರ ನಂತರ ಗವಿಮಠದ ಕೆರೆಯ ದಂಡೆಗೆ ಬಂದು ನೋಡಬೇಕು. ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದ ಕುಟುಂಬಗಳು, ಓಡುವ ಮಕ್ಕಳು, ಬಂಡೆಗೆ ಬೆನ್ನು ಕೊಟ್ಟು ಮಾತಿಗೆ ಕುಳಿತ ಮುದುಕರು. ಊರು ತನ್ನ ದಿನವನ್ನು ಎರಡು ಸಲ ಶುರು ಮಾಡುತ್ತದೆ.

ಎರಡನೆಯ ಸಂಗತಿ, ಗುರುತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ನನ್ನ ತಾಯಿಗೆ ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಬಂತು. ಬೆಳಿಗ್ಗೆ ನಾವು ಕಣ್ಣು ತಪ್ಪಿಸಿದೊಡನೆ ಬಾಗಿಲು ತೆರೆದು ಹೊರಟುಬಿಡುತ್ತಿದ್ದರು. ಎಲ್ಲಿಗೆ ಹೊರಟಿದ್ದಾರೆ ಎಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಕೋಟೆಯ ಕಡೆಯ ಓಣಿಯಲ್ಲಿ, ಮಾರಿ ದಶಕಗಳೇ ಕಳೆದಿದ್ದ ತಮ್ಮ ಹಳೆಯ ಮನೆಗೆ ಎಂದು ಕೆಲವು ದಿನ ಅನಿಸುತ್ತಿತ್ತು. ಮೂಲೆಯಲ್ಲಿ ಹೂ ಮಾರುವ ಹೆಣ್ಣುಮಗಳು ಅವರನ್ನು ನೋಡಿದ ಕೂಡಲೇ ‘ಬಾ ಅವ್ವ, ಈ ಮೊಗ್ಗು ಸ್ವಲ್ಪ ಆರಿಸಿಕೊಡು’ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಅವ್ವ ಕುಳಿತು ಮೊಗ್ಗು ಆರಿಸುತ್ತಿದ್ದರು. ಅವಳು ಯಾವುದಾದರೂ ಹುಡುಗನನ್ನು ನಮ್ಮ ಮನೆಗೆ ಓಡಿಸುತ್ತಿದ್ದಳು. ಆ ಮೂಲೆಯನ್ನು ದಾಟಿ ಹೋದ ದಿನ ಔಷಧಿ ಅಂಗಡಿಯವರು ಫೋನ್ ಮಾಡುತ್ತಿದ್ದರು. ಅದನ್ನೂ ದಾಟಿದರೆ ಆಟೋ ನಿಲ್ದಾಣ ಇತ್ತು. ಅಲ್ಲಿನ ಯಾರಾದರೂ ‘ಅಮ್ಮಾ, ಕೋಟೆ ಕಡೆಗಾ? ನಾನೂ ಅಲ್ಲಿಗೇ ಹೊರಟಿದ್ದೇನೆ’ ಎಂದು ಕೂರಿಸಿಕೊಂಡು, ಒಂದು ಸುತ್ತು ಹಾಕಿಸಿ, ನಮ್ಮ ಮನೆಯ ಮುಂದೆ ಇಳಿಸುತ್ತಿದ್ದರು. ಬಾಡಿಗೆ ಕೊಡಲು ಹೋದರೆ ಸಿಟ್ಟಾಗುತ್ತಿದ್ದರು. ಅವರಾರೂ ನಮ್ಮ ನೆಂಟರಲ್ಲ. ಇವರೆಲ್ಲ ಒಂದು ಕಡೆ ಕುಳಿತು ಮಾತಾಡಿ ಈ ವ್ಯವಸ್ಥೆ ಮಾಡಿದ್ದೂ ಅಲ್ಲ. ಅವ್ವನ ಹೆಸರು ಕೆಲವರಿಗೆ ಗೊತ್ತಿತ್ತು, ಕೆಲವರಿಗೆ ಗೊತ್ತಿರಲಿಲ್ಲ, ಮುಖ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅವರ ತಲೆಯಿಂದ ಊರು ಅಳಿಸಿಹೋಗುತ್ತಿದ್ದ ಕಾಲದಲ್ಲಿ ಊರು ಅವರನ್ನು ನೆನಪಿಟ್ಟುಕೊಂಡಿತ್ತು. ಮಹಾನಗರದಲ್ಲಿ ಇದೇ ಕಾಯಿಲೆಯ ತಂದೆಯನ್ನು ನೋಡಿಕೊಳ್ಳುತ್ತಿದ್ದ ನನ್ನ ಗೆಳತಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬೇಕಾಯಿತು. ಅವಳ ಪ್ರೀತಿ ಕಡಿಮೆಯದಾಗಿರಲಿಲ್ಲ. ಅವಳ ಬೀದಿಗೆ ಅವಳ ತಂದೆಯ ಮುಖ ಗೊತ್ತಿರಲಿಲ್ಲ, ಅಷ್ಟೇ.

ಆದರೆ ಇದೇ ಕಣ್ಣುಗಳ ಇನ್ನೊಂದು ಮುಖವನ್ನು ಹೇಳದಿದ್ದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಇಲ್ಲಿ ಕುಳಿತ ಹುಡುಗಿಯರಿಗೆ ನಾನು ಹೇಳುವ ಮೊದಲೇ ಅದು ಗೊತ್ತು. ನಾನು ಹೊಸದಾಗಿ ಪಾಠ ಹೇಳಲು ಸೇರಿದ್ದಾಗ ಸಹೋದ್ಯೋಗಿಯೊಬ್ಬರ ಜೊತೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಪ್ರಶ್ನೆಪತ್ರಿಕೆ ತಯಾರಿಸಿದೆ. ಸಂಜೆ ಮನೆಗೆ ಬಂದರೆ ಅಣ್ಣ ಮಾತು ಬಿಟ್ಟಿದ್ದ. ಯಾರೋ ಬಂದು ಹೇಳಿಹೋಗಿದ್ದರು. ಹೇಳಿದವರು ಊರಿನ ಒಳ್ಳೆಯ ಮನುಷ್ಯರೇ. ನನಗೆ ಜ್ವರ ಬಂದರೆ ಗಂಜಿ ಮಾಡಿ ಕಳಿಸುವಂಥವರು. ಕಾಪಾಡುವ ಕಣ್ಣು ಮತ್ತು ಕಾವಲು ಕಾಯುವ ಕಣ್ಣು ಒಂದೇ ಮುಖದಲ್ಲಿರುತ್ತವೆ, ಸಣ್ಣ ಊರಿನ ಕಷ್ಟವೆಲ್ಲ ಅಲ್ಲಿದೆ. ಹುಡುಗರು ಚಹಾದ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಅದು ಅವರ ಊರು. ಹುಡುಗಿಯರು ಹಾದುಹೋಗುತ್ತಾರೆ. ಅದು ಅವರ ದಾರಿ. ನಿಲ್ಲುವ ಹಕ್ಕು ಇಲ್ಲದ ಕಡೆ ಉಳಿಯುವ ಮನಸ್ಸು ಹೇಗೆ ಬರುತ್ತದೆ? ನಮ್ಮ ಹೆಣ್ಣುಮಕ್ಕಳು ಬೆಂಗಳೂರಿಗೆ ಹೋಗುವುದು ಸಂಬಳಕ್ಕಾಗಿ ಮಾತ್ರ ಎಂದು ತಂದೆತಾಯಂದಿರು ತಿಳಿದಿದ್ದಾರೆ. ಯಾರ ಗುರುತಿಗೂ ಸಿಗದೆ ಒಂದು ಬೀದಿಯಲ್ಲಿ ನಡೆಯುವ ಸುಖಕ್ಕಾಗಿಯೂ ಹೋಗುತ್ತಾರೆ. ಅದನ್ನು ತಪ್ಪು ಎನ್ನಲು ನನ್ನಿಂದ ಆಗುವುದಿಲ್ಲ.

ಜಾತಿಯ ಮಾತೂ ಇಲ್ಲೇ ಬರಬೇಕು. ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಬಾಡಿಗೆಯ ಮಾತಲ್ಲ, ‘ನೀವು ಯಾವ ಮಂದಿ?’ ಎಂಬ ಪ್ರಶ್ನೆ. ಎಲ್ಲರಿಗೂ ಎಲ್ಲರ ಗುರುತು ಇರುವ ಊರಿನಲ್ಲಿ ಜಾತಿಯ ಗುರುತಿಗೂ ಅಡಗಲು ಜಾಗವಿಲ್ಲ. 2014ರಲ್ಲಿ ನಮ್ಮದೇ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಇದೇ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಕಾನೂನಿನ ದಾರಿ ಕಾನೂನಿಗೆ ಇರಲಿ. ನಾನು ನಿಮ್ಮ ಮುಂದಿಡುವುದು ಇಷ್ಟು: ಬೆಂಕಿ ಬಿದ್ದ ಹಿಂದಿನ ದಿನದವರೆಗೂ ಹೊರಗಿನಿಂದ ನೋಡಿದವರಿಗೆ ಅದು ಶಾಂತವಾದ ಹಳ್ಳಿ. ಕೆಲವರು ಬಾಯಿ ಮುಚ್ಚಿಕೊಂಡಿದ್ದರಿಂದ ಬಂದ ಶಾಂತಿಯನ್ನು ನಾವು ಊರಿನ ಗುಣ ಎಂದು ಹೊಗಳಬಾರದು. ನಮ್ಮ ಊರು ಶಾಂತವಾಗಿದೆ ಎಂದು ಯಾರಾದರೂ ಹೇಳಿದಾಗಲೆಲ್ಲ, ಯಾರಿಗೆ, ಯಾವ ಓಣಿಯಲ್ಲಿ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ಸ್ವಲ್ಪ ಬೆಟ್ಟ ಹತ್ತಿಸುತ್ತೇನೆ. ವಿಷಯ ಬಿಟ್ಟು ಹೋಗುತ್ತಿದ್ದೇನೆ ಎಂದು ಅನಿಸಬಹುದು, ಸ್ವಲ್ಪ ತಾಳಿ.

ನಮ್ಮ ಊರಿನ ಎರಡು ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಒಂದು ಗವಿಮಠದ ಬಳಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. 1931ರಲ್ಲಿ ಅವು ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅವುಗಳಲ್ಲಿ ಏನು ಬರೆದಿದೆ ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅಶೋಕ ಅಲ್ಲಿ ಯುದ್ಧದ ಮಾತಾಡುವುದಿಲ್ಲ. ತಾನು ಉಪಾಸಕನಾದ ಬಗೆ ಹೇಳಿ, ಶ್ರಮಪಟ್ಟರೆ ಏನು ಸಿಗುತ್ತದೆ ಎಂದು ಹೇಳುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಮನಸ್ಸಿಟ್ಟು ಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಹುದು ಎನ್ನುವುದು ಅದರ ಸಾರ. ಪಾಟಲಿಪುತ್ರದ ದೊರೆ ಸಣ್ಣವರಿಗಾಗಿ ಬರೆಸಿದ ಮಾತು ನಮ್ಮ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಇದೆ.

ಆಮೇಲೆ ಜೈನ ಮುನಿಗಳು ಬಂದರು. ಕೊಪಣ ಅವರ ಪಾಲಿಗೆ ಮಹಾತೀರ್ಥ. ಕವಿ ರನ್ನ ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಹೋಲಿಕೆ ಕೊಡುವಾಗ ಕೊಪಣಾಚಲವನ್ನು ನೆನೆದಿದ್ದಾನೆ. ದೂರದೂರದಿಂದ ಮುನಿಗಳು, ಕಂತಿಯರು ಎಂದರೆ ಜೈನ ಸನ್ಯಾಸಿನಿಯರು ಬಂದು ಈ ಗುಡ್ಡಗಳಲ್ಲಿ ತಪಸ್ಸು ಮಾಡಿ, ಸಲ್ಲೇಖನ ಎಂಬ ಉಪವಾಸದ ವ್ರತ ಕೈಗೊಂಡು ದೇಹ ಬಿಟ್ಟರು. ಅವರ ನೆನಪಿಗೆ ಬಂಡೆಗಳಲ್ಲಿ ಪಾದಗಳನ್ನು ಕೆತ್ತಿದ್ದಾರೆ. ವರಾಂಗಚರಿತವನ್ನು ಬರೆದ ಜಟಾಸಿಂಗನಂದಿ ಆಚಾರ್ಯರ ಪಾದಗಳೂ ಅಲ್ಲಿವೆ. ಅವುಗಳನ್ನು ಚಾವಯ್ಯ ಎಂಬುವನು ಮಾಡಿಸಿದ ಎಂದು ಹಳಗನ್ನಡದಲ್ಲಿ ಬರೆದಿದೆ. ಚಾವಯ್ಯ ಯಾರು, ಏನು ಕೆಲಸ ಮಾಡುತ್ತಿದ್ದ, ಒಂದೂ ಅಲ್ಲಿಲ್ಲ. ತನ್ನ ಊರಿಗೆ ಬಂದ ಒಬ್ಬ ದೊಡ್ಡ ಮನುಷ್ಯನನ್ನು ಮರೆಯಬಾರದು ಎಂದು ಅವನಿಗೆ ಅನಿಸಿತ್ತು, ಅಷ್ಟು ಸಾಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇನ್ನೊಂದು ಶಾಸನ. ಶಕವರ್ಷ 803, ಅಂದರೆ ಕ್ರಿ.ಶ. 881ರದ್ದು. ಸರ್ವನಂದಿ ಭಟಾರ ಎಂಬ ಮುನಿ ತೀರಿಕೊಂಡ ಸಂಗತಿ ಅದರಲ್ಲಿದೆ. ಅವರು ಇಲ್ಲಿದ್ದು, ಊರಿಗೂ ತೀರ್ಥಕ್ಕೂ ಉಪಕಾರಿಯಾಗಿ, ಬಹುಕಾಲ ತಪಸ್ಸು ಮಾಡಿ, ಸನ್ಯಸನ ನೋಂತು ಮುಡಿಪಿದರು, ಅಂದರೆ ವ್ರತ ಹಿಡಿದು ದೇಹ ಬಿಟ್ಟರು ಎಂದು ಅದು ಹೇಳುತ್ತದೆ. ಈ ಸಾಲನ್ನು ಮೊದಲ ಸಲ ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಲೋಕ ಬಿಟ್ಟ ಮುನಿಗೆ ಊರಿನ ಹಂಗೇನು? ಅವರ ತಪಸ್ಸನ್ನು ಮಾತ್ರ ಬರೆಸಿದ್ದರೆ ಸಾಕಾಗಿತ್ತು. ಆದರೆ ಅವರು ಹೋದ ಮೇಲೆ ಊರಿನವರಿಗೆ ಮೊದಲು ನೆನಪಾದದ್ದು ಅವರು ಇಲ್ಲಿದ್ದರು ಎಂಬುದು, ಊರಿಗೆ ಆಗಿಬಂದರು ಎಂಬುದು. ತೀರ್ಥದ ಹೆಸರು ಬರುವುದು ಊರಿನ ಹೆಸರಾದ ನಂತರ. ಏಕಾಂತ ಬೇಕೆಂದು ಈ ಬಂಡೆಗಳ ನಡುವೆ ಬಂದವರು ಏಕಾಂತದಿಂದ ಎದ್ದು ಬಂದು ಊರಿನ ಕೆಲಸ ಮಾಡಿದರು. ಸಾವಿರದ ನೂರು ವರ್ಷಗಳ ಹಿಂದೆ ಈ ಊರಿನ ಶಾಂತಿಯನ್ನು ಹೀಗೆ ಬಳಸಿದವರಿದ್ದರು. ನಮ್ಮ ಕೈಗೆ ಅದೇ ಶಾಂತಿ ಬಂದಿದೆ. ಸಂಜೆಯ ಎರಡು ಗಂಟೆಗಳನ್ನು ಮೊಬೈಲ್ ಪರದೆಗೆ ಕೊಟ್ಟು, ಆಮೇಲೆ ಈ ಊರಿನಲ್ಲಿ ಏನೂ ಇಲ್ಲ ಎನ್ನುತ್ತೇವೆ.

ಊರಿನ ಕೆಲಸ ಎಂದರೆ ಏನು ಎಂದು ಕಣ್ಣಾರೆ ನೋಡಬೇಕಾದರೆ ಜನವರಿಯ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಬೇಡ. ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಊರಿನ ಜನಸಂಖ್ಯೆಯ ಹಲವು ಪಟ್ಟು ಜನ ಒಂದು ಸಂಜೆ ತೇರಿನ ಸುತ್ತ ನಿಂತಿರುತ್ತಾರೆ. ಅವರಿಗೆ ಅನ್ನ ಹಾಕುವವರು ಯಾರು? ವಾರಗಳ ಮೊದಲೇ ಹಳ್ಳಿಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಕುಳಿತು ಜೋಳದ ರೊಟ್ಟಿ ಬಡಿದು, ಒಣಗಿಸಿ, ಅಡುಕಿ ಇಡುತ್ತಾರೆ. ಟ್ರ್ಯಾಕ್ಟರ್‌ಗಳಲ್ಲಿ, ಎತ್ತಿನ ಬಂಡಿಗಳಲ್ಲಿ ರೊಟ್ಟಿ, ಜೋಳ, ಕಾಯಿಪಲ್ಲೆ, ಕಟ್ಟಿಗೆ ಮೆರವಣಿಗೆಯಾಗಿ ಮಠಕ್ಕೆ ಬರುತ್ತವೆ. ಮಹಾದಾಸೋಹದಲ್ಲಿ ಉಂಡವನಿಗೆ ತಾನು ಯಾರ ಮನೆಯ ರೊಟ್ಟಿ ಉಂಡೆ ಎಂದು ತಿಳಿಯುವುದಿಲ್ಲ, ಬಡಿದವಳಿಗೆ ಯಾರು ಉಂಡರು ಎಂದು ತಿಳಿಯುವುದಿಲ್ಲ. ಜಾತ್ರೆ ಮುಗಿಯುತ್ತದೆ, ಊರು ಮತ್ತೆ ತನ್ನ ನಡಿಗೆಗೆ ಬರುತ್ತದೆ. ಇಷ್ಟು ದೊಡ್ಡ ಕೆಲಸವನ್ನು ವರ್ಷಕ್ಕೊಮ್ಮೆ ತಾನಾಗಿ ಎತ್ತಿ ನಿಲ್ಲಿಸಬಲ್ಲ ಜನರನ್ನು ಸಣ್ಣ ಊರಿನವರು ಎಂದು ಯಾವ ಅರ್ಥದಲ್ಲಿ ಕರೆಯಬೇಕು, ನೀವೇ ಹೇಳಿ.

ಜಾತ್ರೆಯ ಶಕ್ತಿ ಜಾತ್ರೆಗೇ ಮುಗಿಯಲಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಸಮಾಧಾನ. 2019ರಲ್ಲಿ ಗವಿಮಠದ ಸ್ವಾಮೀಜಿಯವರು ಕರೆ ಕೊಟ್ಟಾಗ ಹಿರೇಹಳ್ಳವನ್ನು ಜನರೇ ಹೂಳೆತ್ತಿ ಸ್ವಚ್ಛ ಮಾಡಿದರು. ಮುಳ್ಳುಕಂಟಿ, ಕಸ, ಕೊಳಚೆ ತುಂಬಿಕೊಂಡು ಹಳ್ಳವೆಂದು ಗುರುತಿಸಲೂ ಆಗದಂತಿದ್ದದ್ದು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮತ್ತೆ ಹಳ್ಳವಾಯಿತು. ಹಣ ಕೊಟ್ಟವರು, ಯಂತ್ರ ಕೊಟ್ಟವರು, ಬುಟ್ಟಿ ಹಿಡಿದವರು ಎಲ್ಲರೂ ಇದ್ದರು. ಇಲ್ಲಿ ನಾನು ಗಮನಿಸಿದ್ದನ್ನು ಹೇಳುತ್ತೇನೆ. ಸಣ್ಣ ಊರಿನಲ್ಲಿ ಒಂದು ಕೆಲಸಕ್ಕೂ ಅದರ ಫಲಕ್ಕೂ ನಡುವಿನ ದೂರ ಬಹಳ ಕಡಿಮೆ. ನೀವು ಹೂಳೆತ್ತಿದ ಹಳ್ಳದಲ್ಲಿ ನೀರು ನಿಂತದ್ದನ್ನು ಮುಂದಿನ ಮಳೆಗಾಲದಲ್ಲಿ ನೀವೇ ನೋಡುತ್ತೀರಿ. ಅದರ ಪಕ್ಕದ ಹೊಲದವನು ನಿಮ್ಮ ಸಹಪಾಠಿಯ ಮಾವನಾಗಿರುತ್ತಾನೆ. ದೊಡ್ಡ ನಗರದಲ್ಲಿ ಇದೇ ಶ್ರಮ ಹಾಕಿದರೂ ಅದು ಎಲ್ಲಿ ಸೇರಿತು ಎಂದು ತಿಳಿಯುವುದು ಕಷ್ಟ.

ಈ ಶಾಂತಿ ತಾನಾಗಿ ಉಳಿಯುತ್ತದೆ ಎಂದು ತಿಳಿಯಬೇಡಿ. ಹೊಸಪೇಟೆಯ ಕಡೆಗೆ ಹೋಗುವಾಗ ಗಿಣಿಗೇರಾ ಬರುತ್ತದೆ. ಸುತ್ತ ಉಕ್ಕು, ಮೆದುಕಬ್ಬಿಣದ ಕಾರ್ಖಾನೆಗಳು. ತುಂಗಭದ್ರೆಯ ನೀರು, ಬಳ್ಳಾರಿ ಸೀಮೆಯ ಅದಿರು, ರೈಲು, ಹೆದ್ದಾರಿ ಎಲ್ಲವೂ ಹತ್ತಿರವಿದ್ದುದರಿಂದ ಅವು ಅಲ್ಲಿಗೆ ಬಂದವು. ನಮ್ಮ ಸಾವಿರಾರು ಮನೆಗಳಿಗೆ ಕೂಲಿ, ಸಂಬಳ ಅಲ್ಲಿಂದ ಬರುತ್ತದೆ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಹಿರೇಬಗನಾಳದಂಥ ಹಳ್ಳಿಗಳಿಗೆ ಹೋಗಿ ನೋಡಿ. ಒಣಹಾಕಿದ ಬಟ್ಟೆ, ಎಮ್ಮೆಯ ಮೇವು, ಹತ್ತಿಯ ಬೆಳೆ, ಮನೆಯ ಮಾಳಿಗೆ ಎಲ್ಲದರ ಮೇಲೂ ಕರಿ ಧೂಳು. ಅಲ್ಲಿನ ತಾಯಂದಿರು ಮಕ್ಕಳ ಕೆಮ್ಮಿನ ಬಗ್ಗೆ ಮಾತಾಡುತ್ತಾರೆ. ಊರಿಗೆ ತಾಗಿದಂತೆಯೇ ಕಾರ್ಖಾನೆಯ ವಿಸ್ತರಣೆಯ ಪ್ರಸ್ತಾವ ಬಂದಾಗ, 2025ರ ಫೆಬ್ರುವರಿಯಲ್ಲಿ, ಕೊಪ್ಪಳ ಬಂದ್ ಆಯಿತು. ಸ್ವಾಮೀಜಿಯವರು ಬೀದಿಗೆ ಬಂದರು, ಎಲ್ಲ ಧರ್ಮದವರು ಬಂದರು, ವರ್ತಕರು ಬಂದರು, ನಿಮ್ಮಂಥ ವಿದ್ಯಾರ್ಥಿಗಳು ಬಂದರು. ಶಾಂತವಾದ ಊರಿನವರು ತಮ್ಮ ಗಾಳಿಗಾಗಿ ಗಟ್ಟಿಯಾಗಿ ಕೂಗಿದ ದಿನ ಅದು. ಆ ದಿನ ಜನಜಂಗುಳಿಯಲ್ಲಿ ನಿಂತಾಗ ನನಗೆ ಭಯವೂ ಆಯಿತು, ಧೈರ್ಯವೂ ಬಂತು. ಓದಿದ ಮಕ್ಕಳೆಲ್ಲ ಹೊರಟುಹೋದ ಊರಿನಲ್ಲಿ ಪರಿಸರ ವರದಿಯನ್ನು ಓದಿ, ಅರ್ಥ ಮಾಡಿಕೊಂಡು, ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ಯಾರಿರುತ್ತಾರೆ? ಭಯ ಅದಕ್ಕೆ.

ನೌಕರಿಯ ಪ್ರಶ್ನೆ ನಿಮ್ಮ ಮುಖಗಳಲ್ಲಿ ಕಾಣುತ್ತಿದೆ. ಅದನ್ನು ತೇಲಿಸಿ ಬಿಡುವುದಿಲ್ಲ. ಇಲ್ಲಿ ಕೆಲಸಗಳು ಕಡಿಮೆ, ಸಂಬಳವೂ ಕಡಿಮೆ, ಇದು ನಿಜ. ಆಸ್ಪತ್ರೆಯ ಕೊರತೆಯೂ ನಿಜ. 2015ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ, ಆದರೂ ನಡುರಾತ್ರಿ ಗಂಭೀರವಾದ ತೊಂದರೆ ಬಂದರೆ ಇವತ್ತಿಗೂ ಎಷ್ಟೋ ಮನೆಗಳವರು ನೂರು ಕಿಲೋಮೀಟರ್ ದಾಟಿ ಹುಬ್ಬಳ್ಳಿಗೆ ಓಡುತ್ತಾರೆ. ಆ ದಾರಿಯಲ್ಲಿ ಜೀವ ಹೋದವರು ನಮ್ಮೆಲ್ಲರ ಬಳಗದಲ್ಲೂ ಇದ್ದಾರೆ. ಇದನ್ನು ಸಣ್ಣ ಊರಿನ ಸೊಗಸು ಎಂದು ಸಹಿಸಿಕೊಳ್ಳಬೇಕಾಗಿಲ್ಲ. ಕೇಳಿ ಪಡೆಯಬೇಕಾದ ಹಕ್ಕು ಅದು. ಕೆಲಸದ ವಿಷಯದಲ್ಲಿ ಮಾತ್ರ ಇನ್ನೊಂದು ಮಾತು ಸೇರಿಸುತ್ತೇನೆ. ಇರುವ ಕೆಲಸಗಳನ್ನೂ ನಾವು ಕೆಲಸ ಎಂದು ಎಣಿಸುವುದಿಲ್ಲ. ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ಅಳತೆಗೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ಉದ್ಯಮವಿದೆ. ಅದರ ಲೆಕ್ಕ, ರಫ್ತಿನ ಕಾಗದಪತ್ರ, ಗುಣಮಟ್ಟದ ಪರೀಕ್ಷೆ ಎಲ್ಲಕ್ಕೂ ಓದಿದವರು ಬೇಕು.

ಕಿನ್ನಾಳದ ಉದಾಹರಣೆ ಇನ್ನೂ ಹತ್ತಿರದ್ದು. ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಕೊಡುವ ಚಿತ್ರಗಾರರ ಮನೆತನಗಳು ಅಲ್ಲಿ ಇಂದಿಗೂ ಇವೆ. ಭೌಗೋಳಿಕ ಗುರುತಿನ ಮಾನ್ಯತೆ ಆ ಕಲೆಗೆ ಸಿಕ್ಕಿದೆ. ಅಲ್ಲಿನ ಹಿರಿಯ ಕುಶಲಕರ್ಮಿಯೊಬ್ಬರು ನನಗೆ ಹೇಳಿದರು: ‘ಗೊಂಬೆ ಮಾಡುವುದಕ್ಕೆ ನನ್ನ ಕೈ ಇದೆ ಮೇಡಂ, ಅದನ್ನು ಮಾರುವುದಕ್ಕೆ, ನಾಲ್ಕು ಜನರಿಗೆ ಪತ್ರ ಬರೆಯುವುದಕ್ಕೆ ನನಗೊಬ್ಬ ಓದಿದ ಹುಡುಗ ಬೇಕು. ಓದಿದ ಹುಡುಗರು ಸಿಗುವುದಿಲ್ಲ.’ ಇಲ್ಲಿ ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ಇದ್ದೀರಿ. ಕಿನ್ನಾಳಕ್ಕೆ ಬಸ್ಸಿನಲ್ಲಿ ಹೋಗಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಹೋಗುವವರಿಗೂ ಒಂದು ಮಾತು. ದೂರ ಹೋದ ಮೇಲೆ ಊರಿನ ಮೇಲೆ ಪ್ರೀತಿ ಉಕ್ಕುವುದು ಸಹಜ, ರೊಟ್ಟಿಯ ಚಿತ್ರ ಕಂಡರೆ ಕಣ್ಣು ತುಂಬುತ್ತದೆ. ಆ ಪ್ರೀತಿಯನ್ನು ಊರಿಗೆ ತಲುಪಿಸುವ ದಾರಿಗಳನ್ನೂ ಹುಡುಕಿ. ನಿಮ್ಮ ಹಳೆಯ ಶಾಲೆಯ ಒಂದು ತರಗತಿಗೆ ತಿಂಗಳಿಗೊಮ್ಮೆ ಮೊಬೈಲಿನಲ್ಲೇ ಪಾಠ ಹೇಳಿ. ಆಸ್ಪತ್ರೆಗೆಂದು ಬೆಂಗಳೂರಿಗೆ ಬರುವ ಊರಿನವರಿಗೆ ನಿಮ್ಮ ಕೊಠಡಿಯಲ್ಲಿ ಒಂದು ರಾತ್ರಿ ಜಾಗ ಕೊಡಿ. ಇವು ದೊಡ್ಡ ದಾನಗಳಲ್ಲ. ಮಾಡಿದವರ ಹೆಸರನ್ನು ಊರು ಮರೆಯುವುದಿಲ್ಲ ಎಂಬುದನ್ನು ಮಾತ್ರ ನಾನು ಖಾತ್ರಿಯಾಗಿ ಹೇಳಬಲ್ಲೆ.

ಉಳಿಯುವವರು ಇದ್ದರೆ, ಅಥವಾ ಇನ್ನೂ ನಿರ್ಧಾರ ಮಾಡದವರು ಇದ್ದರೆ, ಒಂದು ಕೆಲಸ ಮಾಡೋಣ. ನಮ್ಮ ಶಾಸನಗಳ ಬಂಡೆಗಳ ಮೇಲೆ ಪ್ರೇಮಿಗಳ ಹೆಸರು, ಪಕ್ಷಗಳ ಚಿಹ್ನೆ ಬರೆಯುವ ಚಾಳಿ ನಿಂತಿಲ್ಲ. ಪಾದಗಳ ಸುತ್ತ ಬಾಟಲಿ ಒಡೆದು ಬಿದ್ದಿರುತ್ತವೆ. ಅಲ್ಲಿಗೆ ಬಂದ ಶಾಲಾಮಕ್ಕಳಿಗೆ ಇದು ಏನು ಎಂದು ಹೇಳುವವರಿಲ್ಲ. ನಿಮ್ಮಲ್ಲಿ ಹತ್ತು ಜನ ಬಂದರೆ ಆ ಶಾಸನಗಳ ಪಾಠವನ್ನು, ಅರ್ಥವನ್ನು ನಾನು ಹೇಳಿಕೊಡುತ್ತೇನೆ. ಪ್ರತಿ ಭಾನುವಾರ ಇಬ್ಬರಂತೆ ನೀವು ಅಲ್ಲಿ ನಿಂತು ಬಂದವರಿಗೆ ತಿಳಿಸಬಹುದು. ಹುಡುಗಿಯರು ಬರಬೇಕು, ಮನೆಯಲ್ಲಿ ಕೇಳಿದರೆ ನನ್ನ ಹೆಸರು ಹೇಳಿ, ಅಗತ್ಯವಿದ್ದರೆ ನಾನೇ ಮನೆಗೆ ಬಂದು ಮಾತಾಡುತ್ತೇನೆ. ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಪಾಲ್ಕಿಗುಂಡಿನ ಬುಡದಲ್ಲಿ ಇರುತ್ತೇನೆ. ಎಂಟರೊಳಗೆ ಇಳಿದುಬಿಡಬೇಕು, ಆಮೇಲೆ ಬಂಡೆ ಕಾಯುತ್ತದೆ. ಕಾಲಿಗೆ ಗಟ್ಟಿ ಚಪ್ಪಲಿ, ಒಂದು ನೋಟ್‌ಪುಸ್ತಕ, ನೀರು ತನ್ನಿ. ಗಾಜು ಆರಿಸುವುದಕ್ಕೆ ಒಂದೆರಡು ಗೋಣಿಚೀಲ ನಾನು ತರುತ್ತೇನೆ.